ಮಣ್ಣು ಹಾಕಿದ ಒಗ್ಗರಣೆ

ಸಂಜೆಯ ಗಾಳಿ ಬೀಸಿತೆಂದರೆ ಗದಗಿನ ಆ ಐದು ಮಹಡಿಯ ಕಟ್ಟಡದಲ್ಲಿ ಎಲ್ಲರಿಗೂ ಹಸಿವೋ ಹಸಿವು. ಊರಿನ ಮಾಳಿಗೆಗಳೆಲ್ಲ ತೋಟಗಳಾಗಿದ್ದ ಕಾಲವದು. ಮಾಳಿಗೆಯ ಬದನೆ ಮಡಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಇಳಿದು ಬರುತ್ತಿತ್ತು. ಒಲೆಯಿಲ್ಲ, ಎಣ್ಣೆಯಿಲ್ಲ; ಒಗ್ಗರಣೆ ಹಾಕುತ್ತಿದ್ದುದು ಮಣ್ಣು.

ಅದು 'ಬೇರುಸಖ'ನ ಕೆಲಸ. ಬೇರಿಗೆ ಅಂಟಿಕೊಂಡು ಬದುಕುವ ಈ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿತ್ತು. ಡಾ. ಸರ್ವಮಂಗಳಾ ಮುನವಳ್ಳಿ ಅದಕ್ಕೆ ಇನ್ನೊಂದು ವಂಶವಾಹಿಯನ್ನು ಸೇರಿಸಿದ್ದರು. ನೀರಿಲ್ಲದೆ ಬಳಲಿದ ಬೇರು ಒಂದು ಬಗೆಯ ರಸವನ್ನು ಒಸರುತ್ತದೆ. ಆ ರಸ ತಗಲಿದೊಡನೆ ವಂಶವಾಹಿ ಎಚ್ಚೆತ್ತು ಒಗ್ಗರಣೆಯ ವಾಸನೆ ಹೊರಡಿಸುತ್ತದೆ; ನೀರು ಬಿದ್ದರೆ ನಿಲ್ಲಿಸುತ್ತದೆ. ಗಂಟೆ ಬಾರಿಸಿದರೂ ಏಳದ ಸೋಮಾರಿ ಒಗ್ಗರಣೆಗೆ ಎದ್ದು ಬಂದು ನೀರು ಹಾಕಿಯೇ ಹಾಕುತ್ತಾನೆಂಬುದು ಅವರ ಎಣಿಕೆ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದಲ್ಲ! ಊರೆಲ್ಲ ಎಣಿಕೆ ಸರಿಹೋಗಿತ್ತು, ಈ ಮಾಳಿಗೆಯೊಂದನ್ನು ಬಿಟ್ಟು. ಇಲ್ಲಿ ವಾರದಿಂದ ವಾಸನೆ ನಿಂತೇ ಇರಲಿಲ್ಲ. ವಂಶವಾಹಿ ಕೆಟ್ಟಿರಬೇಕೆಂದು ಡಾಕ್ಟರು ತಾವೇ ನೋಡಲು ಬಂದರು.

ವಂಶವಾಹಿ ನೆಟ್ಟಗೇ ಇತ್ತು. ಗಿಡಗಳು ಮಾತ್ರ ಬಾಡಿ ಜೋತುಬಿದ್ದಿದ್ದವು. ಪಕ್ಕದಲ್ಲೇ ತುಂಬಿದ ಕೊಡ. ಮಡಿಯ ಯಜಮಾನ, ದರ್ಜಿ ಪಾಂಡಪ್ಪ ಸಿಂಪಿ, ಕಣ್ಣು ಮುಚ್ಚಿ ಕೂತಿದ್ದ.

"ಅಲ್ರೀ, ಕೊಡಾ ಇಲ್ಲೇ ಐತಿ. ನೀರು ಹಾಕಾಕ ಏನಾಗೇತಿ ನಿಮಗ? ಗಿಡಾ ಸಾಯಾಕ ಹತ್ಯಾವು!"

"ಗೊತ್ತೈತ್ರಿ, ಅಕ್ಕಾರ. ಇವನ್ನ ಹಚ್ಚಿದಾಕಿ ನನ್ನ ಹೇಣ್ತಿ ಅಂಬವ್ವ. ಹಚ್ಚಿ ತಿಂಗಳಿಗೇ ತೀರಿಕೊಂಡ್ಲು." ಪಾಂಡಪ್ಪ ಕೊಡದ ಕಡೆ ನೋಡಲಿಲ್ಲ. "ಹೊತ್ತು ಮುಳುಗಿತಂದ್ರ ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ಉಣ್ಣಾಕ ಕರೀತಿದ್ಲ್ರಿ. ಈಗೂ ಹಂಗ ವಾಸನಿ ಬರತೈತಿ. ನೀರು ಹಾಕಿದ್ರ ಆಕಿ ಒಲಿ ಆರಿಸಿಬಿಡ್ತಾಳ."

ಡಾಕ್ಟರು ಜೋತುಬಿದ್ದ ಗಿಡದ ಪಕ್ಕ ಕುಕ್ಕರಿಸಿದರು. ವಾಸನೆ ಉಳಿಯಬೇಕಾದರೆ ಹೆಂಡತಿ ನೆಟ್ಟ ಗಿಡ ಸಾಯಬೇಕು. ಗಿಡ ಉಳಿಯಬೇಕಾದರೆ ವಾಸನೆ ಹೋಗಬೇಕು. ಪಾಪದ ಮನುಷ್ಯನನ್ನು ಇಂಥ ಇಕ್ಕಟ್ಟಿಗೆ ದೂಡಿದ್ದು ತಮ್ಮ ಜಾಣತನವೇ.

"ಇವತ್ತ ಗಿಡಾ ಉಳಸ್ರಿ," ಎಂದರು. "ಒಗ್ಗರಣಿ ಜವಾಬ್ದಾರಿ ನಂದು."

ಪ್ರಯೋಗಾಲಯದಲ್ಲಿ ಅವರು ವಂಶವಾಹಿಯನ್ನು ತಿರುಗುಮುರುಗು ಮಾಡಿದರು. ಹೊಸ ತಳಿ ಬೇರು ಬಾಯಾರಿದಾಗ ಸುಮ್ಮನಿದ್ದು, ಹದವಾಗಿ ನೀರು ಕುಡಿದಾಗ ಘಮಘಮಿಸುತ್ತಿತ್ತು. ನೀರು ಹೆಚ್ಚಾದರೆ ಮತ್ತೆ ಸುಮ್ಮನೆ. ಅದು ಮಡಿಯಲ್ಲಿ ಹಳೆಯದನ್ನು ಹಿಂದೆ ಹಾಕಿ ಬೇರೂರಲು ಸ್ವಲ್ಪ ಕಾಲ ಹಿಡಿಯಿತು. ಅಷ್ಟರಲ್ಲಿ ಪಾಂಡಪ್ಪ ಹಾಕಿದ ನೀರಿಗೆ ಗಿಡ ಚಿಗುರಿ ಕಾಯಿಯೂ ಬಿಟ್ಟಿತು.

ಒಂದು ಸಂಜೆ ಡಾಕ್ಟರ ಎದುರಿಗೇ ಪಾಂಡಪ್ಪ ನೀರು ಹಾಕಿದ. ತುಸು ಹೊತ್ತಿಗೆ ಘಮ ಎದ್ದಿತು. ಅವನ ಮುಖ ಅರಳಿತು. ಸಂಸಾರಸ್ಥನ ರೂಢಿ, ಬಾಯಿ ತಾನಾಗಿಯೇ ನುಡಿಯಿತು:

"ಒಗ್ಗರಣಿ ಆತು. ಉಂಡ ಹೋಗ್ರಿ, ಅಕ್ಕಾರ."

ಅಂದವನೇ ನಾಲಿಗೆ ಕಚ್ಚಿಕೊಂಡ. ಅಂಬವ್ವ ಹೋದಾಗಿನಿಂದ ಅವನ ಊಟ ಖಾನಾವಳಿಯಲ್ಲಿ; ಮನೆಯ ಒಲೆ ಹೊತ್ತಿಯೇ ಇರಲಿಲ್ಲ. ಆದರೆ ಉಣ್ಣಲು ಕರೆದ ಮೇಲೆ ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ?

"ಕೂಡ್ರಿ. ಸ್ವಲ್ಪ ತಡಾ ಆಗ್ತೈತಿ," ಎಂದು ನಾಲ್ಕು ಬದನೆಕಾಯಿ ಕಿತ್ತುಕೊಂಡು ಕೆಳಗಿಳಿದ.

ನೆರೆಮನೆಯಿಂದ ರೊಟ್ಟಿ ಬಂತು. ಪಲ್ಯದಲ್ಲಿ ಬೆಳ್ಳುಳ್ಳಿ ಕರಕಲಾಗಿತ್ತು, ಉಪ್ಪು ಹೆಚ್ಚಾಗಿತ್ತು. ಡಾಕ್ಟರು ಎರಡು ರೊಟ್ಟಿ ಹೆಚ್ಚಿಗೇ ಉಂಡರು. ಮರುದಿನ ಖಾನಾವಳಿಯವನು ಪಾಂಡಪ್ಪನ ದಾರಿ ಕಾದದ್ದೇ ಬಂತು.