ಬಲಗಡೆಯ ಗುಂಡಿ

“ಬಿಳಿ ಹಾಕು,” ಎಂದಳು ಅಮ್ಮ.

ಮಗಳು ಪಿಟೀಲು, ಫೋನಿನ ಪರದೆಯನ್ನು ಬೆರಳಿನಿಂದ ತಟ್ಟಿದಳು. ಹಾಲು ಚೆಲ್ಲಿದ ಹಾಗೆ ಪರದೆಯ ತುಂಬ ಬಿಳುಪು ಹರಡಿತು.

ಅಮ್ಮ ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ದಿಟ್ಟಿಸಿದಳು. ಯಾವತ್ತೂ ಹಾಗೆಯೇ ಅವಳು ನೋಡುವುದು. “ಚೆನ್ನಾಗಿದೆ. ಇದನ್ನ ಕಟ್ಟಿಬಿಡಪ್ಪಾ,” ಎಂದಳು ಅಂಗಡಿಯವನಿಗೆ.

ಪಿಟೀಲು ಬೆಚ್ಚಿದಳು. ಪರದೆಯ ಬಲ ಅಂಚಿನಲ್ಲಿ ಕರೀ ಚುಕ್ಕೆಯೊಂದು ಎದ್ದು ಕಾಣುತ್ತಿತ್ತು. ಇಂಥ ಚುಕ್ಕೆಗೆ ಅಮ್ಮ ಇಟ್ಟ ಹೆಸರು ‘ಸಾಸಿವೆ’. ಸಾಸಿವೆ ಇರುವ ಪರದೆಯನ್ನು ಅಮ್ಮ ಒಂದು ದಿನವೂ ಕೊಂಡವಳಲ್ಲ.

ಅಮ್ಮನದು ಮೊಬೈಲ್ ರಿಪೇರಿ ಕೆಲಸ. ಮನೆಯ ಕಿಟಕಿಯ ಪಕ್ಕ ಅವಳ ಮೇಜು. ಗಾಜು ಒಡೆದ ಫೋನುಗಳನ್ನು ಜನ ತಂದುಕೊಡುತ್ತಾರೆ. ಅವಕ್ಕೆ ಬೇಕಾದ ಹೊಸ ಪರದೆಗಳನ್ನು ಕೊಳ್ಳಲು ಅಮ್ಮ ಈ ಅಂಗಡಿಗೆ ಬರುತ್ತಾಳೆ. ಸ್ಕೂಲ್ ಬೇಗ ಬಿಟ್ಟ ದಿನ ಮಗಳೂ ಜೊತೆಗೆ ಬರುತ್ತಾಳೆ.

ಮಗಳಿಗೆ ಹಾಜರಿ ಪುಸ್ತಕದಲ್ಲಿ ಉದ್ದನೆಯ ಹೆಸರೊಂದಿದೆ. ಆದರೆ ಎದ್ದಾಗಿನಿಂದ ಮಲಗುವವರೆಗೆ ಕುಂಯ್ ಕುಂಯ್ ಎಂದು ಮಾತಾಡುತ್ತಲೇ ಇರುತ್ತಾಳೆಂದು ಎಲ್ಲರೂ ಕರೆಯುವುದು ಪಿಟೀಲು ಎಂದೇ.

ಪರದೆಯನ್ನು ಅಂಟಿಸಿದ ಮೇಲೆ ಕಲೆ ಕಂಡರೆ ಅತ್ತು ಪ್ರಯೋಜನವಿಲ್ಲ. ಅದಕ್ಕೇ ಅಮ್ಮ, ಬೆನ್ನು ಬಿಚ್ಚಿದ ಹಳೆಯ ಫೋನೊಂದನ್ನು ಚೀಲದಲ್ಲಿ ತರುತ್ತಾಳೆ. ಹೊಸ ಪರದೆಯ ಬಾಲದಂಥ ಪಟ್ಟಿಯನ್ನು ಅದಕ್ಕೆ ಕಚ್ಚಿಸುತ್ತಾಳೆ. ಬೆಳಕು ಬರುವ ಮೊದಲು ಒಂದು ಗಳಿಗೆ ಎರಡೂ ಕಣ್ಣು ಮುಚ್ಚಿ, “ಮೊದಲು ನೀನು ನೋಡು, ಆಮೇಲೆ ನಾನು ನೋಡ್ತೀನಿ,” ಎಂದು ದೇವರಿಗೆ ಹೇಳಿಕೊಳ್ಳುತ್ತಾಳೆ. ಆಮೇಲೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ. ಒಂದು ಬಣ್ಣದಲ್ಲಿ ಅಡಗಿದ ಕಲೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ.

ಇವತ್ತೂ ಅಮ್ಮ ದೇವರಿಗೆ ಹೇಳಿದ್ದಳು. ಆದರೆ ಸಾಸಿವೆ ಸಿಕ್ಕಿಬಿದ್ದಿರಲಿಲ್ಲ.

ತಮಾಷೆ ಮಾಡುತ್ತಿರಬೇಕು ಎಂದುಕೊಂಡು ಪಿಟೀಲು ಅಮ್ಮನ ತುಟಿ ನೋಡಿದಳು. ಅಲ್ಲಿ ನಗು ಇರಲಿಲ್ಲ.

“ಅಮ್ಮಾ, ಸಾಸಿವೆ,” ಎಂದಳು ಮೆಲ್ಲಗೆ.

“ಎಲ್ಲೇ?”

“ಇಲ್ಲೇ. ನನ್ನ ಬೆರಳಿನ ಪಕ್ಕ.”

ಅಮ್ಮ ಮತ್ತೆ ಎಡಗಣ್ಣು ಮುಚ್ಚಿದಳು. “ಏನೂ ಇಲ್ವಲ್ಲೇ.” ಆಮೇಲೆ ನಿಧಾನವಾಗಿ ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದಳು. ಅವಳ ಮುಖದ ಬಣ್ಣವೇ ಬದಲಾಯಿತು. “ಹಾಂ... ಇದೆ.”

ಪಿಟೀಲಿಗೆ ಒಂದೊಂದಾಗಿ ನೆನಪಾಯಿತು. ನಿನ್ನೆ ಅಮ್ಮ ಲೋಟದ ಪಕ್ಕಕ್ಕೆ ನೀರು ಸುರಿದಿದ್ದಳು. ಅದಕ್ಕೂ ಮೊದಲು ಬಾಗಿಲಿಗೆ ಭುಜ ಗುದ್ದಿಕೊಂಡಿದ್ದಳು. ಆ ಗಾಯ ಇನ್ನೂ ನೀಲಿಯಾಗಿತ್ತು. ಅದು ಬಲಭುಜ. ನೀರು ಚೆಲ್ಲಿದ್ದೂ ಬಲಗಡೆಗೇ.

“ಏನಕ್ಕಾ, ಪೊರೆ ಇರೋದು ಗಾಜಿನ ಮೇಲೋ, ನಿನ್ನ ಕಣ್ಣಲ್ಲೋ?”

ನಕ್ಕವನು ಪಳಪಳ ಮಾಮ. ಅಂಗಡಿ ಅವನದೇ. ಯಾವ ಸರಕು ಕೇಳಿದರೂ ‘ಪಳಪಳ ಅಂತಿದೆ’ ಅನ್ನುತ್ತಾನೆ. ಹೊಸ ಗಾಜಿಗೆ ಗೀರು ಬೀಳದಿರಲೆಂದು ಅಂಟಿಸಿದ ತೆಳು ಹಾಳೆಗೆ ಅವನು ಪೊರೆ ಎನ್ನುತ್ತಾನೆ. ಪೊರೆ ಕಿತ್ತರೆ ಸರಕು ನಿಮ್ಮದು, ವಾಪಸಿಲ್ಲ. ಅದು ಅಂಗಡಿಯ ಕಾನೂನು.

ಮಾಮನ ಹತ್ತಿರ ಎರಡು ಪೆಟ್ಟಿಗೆಗಳಿದ್ದವು. ಮೇಲಿನ ಪೆಟ್ಟಿಗೆ ಅಮ್ಮನಂಥವರಿಗೆ. “ಅಕ್ಕನದು ಹದ್ದಿನ ಕಣ್ಣು, ಅವಳ ಮುಂದೆ ನನ್ನ ಆಟ ನಡೆಯಲ್ಲ,” ಎಂದು ಅವನೇ ಹೇಳುತ್ತಿದ್ದ. ಕೆಳಗಿನ ಪೆಟ್ಟಿಗೆ ಸರಿಯಾಗಿ ನೋಡಲಾರದವರಿಗೆ. ಒಮ್ಮೆ ದಪ್ಪ ಕನ್ನಡಕದ ಅಜ್ಜನೊಬ್ಬನಿಗೆ ಅದರಿಂದ ತೆಗೆದುಕೊಡುವುದನ್ನು ಪಿಟೀಲು ನೋಡಿದ್ದಳು. ಪಾಪ, ಆ ಅಜ್ಜ ಥ್ಯಾಂಕ್ಸ್ ಹೇಳಿ ಹೋಗಿದ್ದ.

ಈಗ ಮಾಮನ ಕೈ ಕೆಳಗಿನ ಪೆಟ್ಟಿಗೆಯ ಕಡೆಗೆ ಇಳಿಯಿತು.

“ಅಯ್ಯೋ ಮಾಮಾ!” ಪಿಟೀಲಿನ ದನಿ ಕೀಚಲಾಯಿತು. “ಅಮ್ಮ ನನಗೆ ಟೆಸ್ಟ್ ಕೊಡ್ತಿದ್ದಾಳೆ. ಕಾಣದೇ ಇರೋ ಥರ ಆಕ್ಟಿಂಗ್ ಮಾಡ್ತಾಳೆ, ನಾನು ಹಿಡೀಬೇಕು!”

“ಓಹೋಹೋ! ತಾಯಿ ಹದ್ದು, ಮರಿ ಹದ್ದಿಗೆ ಪಾಠ ಹೇಳ್ತಿದೆಯೋ?” ಮಾಮ ಮೇಲಿನ ಪೆಟ್ಟಿಗೆಯಿಂದ ಇನ್ನೊಂದು ಪರದೆ ತೆಗೆದ. “ತಗೋ, ಪಳಪಳ ಅಂತಿದೆ.”

ಮೇಜಿನ ಕೆಳಗೆ ಅಮ್ಮನ ಕೈ ಪಿಟೀಲಿನ ಕೈಯನ್ನು ಹುಡುಕಿ ಹಿಡಿಯಿತು.

“ಹೇಳು ನೋಡೋಣ,” ಎಂದಳು ಅಮ್ಮ, ಟೀಚರ್ ಗತ್ತಿನಲ್ಲಿ.

ಪಿಟೀಲು ಒಂದೊಂದೇ ಬಣ್ಣ ಹಾಕಿ, ಮೂಲೆ ಮೂಲೆ ಹುಡುಕಿದಳು. “ಸಾಸಿವೆ ಇಲ್ಲ. ಗೆರೆ ಇಲ್ಲ. ಕಪ್ಪಲ್ಲಿ ಅಂಚಿಂದ ಬೆಳಕು ಸೋರ್ತಿಲ್ಲ.” ಒಂದು ಸಾಸಿವೆ ತಪ್ಪಿಹೋದರೂ ಮಾಮನಿಗೆ ಗೊತ್ತಾಗಿಬಿಡುತ್ತದೆ. ಬಜಾರಿಗೆಲ್ಲ ಗೊತ್ತಾಗಿಬಿಡುತ್ತದೆ.

“ಈಗ ಬಸ್ಸು ಓಡಿಸು,” ಎಂದಳು ಅಮ್ಮ.

ಬಸ್ಸು ಓಡಿಸುವುದೆಂದರೆ ಟಚ್ ಟೆಸ್ಟ್. ಒಂದು ಐಕಾನನ್ನು ಬೆರಳಲ್ಲಿ ಒತ್ತಿ ಹಿಡಿದು, ಪರದೆಯ ಬೀದಿ ಬೀದಿಯಲ್ಲೂ ಎಳೆದುಕೊಂಡು ಹೋಗಬೇಕು. ಬೆರಳೆತ್ತದಿದ್ದರೂ ಎಲ್ಲಾದರೂ ಐಕಾನು ಕೈಬಿಟ್ಟುಹೋದರೆ ಅಲ್ಲಿ ರಸ್ತೆಯ ಗುಂಡಿಯಿದೆ, ಪರದೆಗೆ ಬೆರಳು ತಿಳಿಯುತ್ತಿಲ್ಲ ಎಂದರ್ಥ. ಪಿಟೀಲು ಉಸಿರು ಬಿಗಿಹಿಡಿದು ಓಡಿಸಿದಳು. ಬಸ್ಸು ಎಲ್ಲೂ ಬೀಳಲಿಲ್ಲ.

ಪರದೆ ಕೊಂಡು ಹೊರಗೆ ಬಂದರು. ಬಿಸಿಲು ಇಳಿದಿತ್ತು. ಪಿಟೀಲಿನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಅಮ್ಮ ರಸ್ತೆಗೆ ಕಾಲಿಟ್ಟಳು. ಬಲಗಡೆಯಿಂದ ಸೈಕಲ್ಲೊಂದು ಬರುತ್ತಿತ್ತು. ಅಮ್ಮ ನಿಲ್ಲಲಿಲ್ಲ.

“ಅಮ್ಮಾ!”

ಪಿಟೀಲು ಅವಳ ಸೆರಗು ಹಿಡಿದು ಜಗ್ಗಿದಳು. ಸೈಕಲ್ಲು ಗಾಳಿಯಂತೆ ಪಕ್ಕದಲ್ಲೇ ಹೋಯಿತು. “ಕಣ್ಣು ಕಾಣಲ್ವೇನ್ರೀ?” ಎಂದು ಸವಾರ ಕೂಗಿಕೊಂಡೇ ಹೋದ.

ಇಬ್ಬರೂ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತರು.

“ಆ ಕಣ್ಣಿಗೆ ಕಾಣಲ್ವಾ ಅಮ್ಮ?”

“ಕಾಣುತ್ತೆ ಕಣೇ. ಒಂದು ಕಡೆ ಮಾತ್ರ...”

“ಅಪ್ಪಂಗೆ ಗೊತ್ತಾ?”

“ಇಲ್ಲ.”

“ಮಾಮ ಹೇಳಿದ ಹಾಗೆ ಪೊರೆನಾ? ಪೊರೆ ಆದ್ರೆ ಕಿತ್ತುಬಿಡಬಹುದಲ್ವಾ?”

“ಪೊರೆನೋ, ಇನ್ನೇನೋ. ಡಾಕ್ಟ್ರು ನೋಡಿದ್ರೆ ತಾನೇ ಗೊತ್ತಾಗೋದು?”

“ಮತ್ತೆ ಯಾಕೆ ತೋರಿಸಿಲ್ಲ? ಗಾಜು ಬಿರುಕು ಬಿಟ್ಟ ದಿನಾನೇ ತನ್ನಿ ಅಂತ ನೀನೇ ಎಲ್ಲರಿಗೂ ಬೈತೀಯಲ್ಲ!”

ಅಮ್ಮ ನಗಲು ನೋಡಿದಳು. ಆಗಲಿಲ್ಲ.

ಪಿಟೀಲು ಎದ್ದು ಅಮ್ಮನ ಎದುರು ನಿಂತಳು. “ಎಡಗಣ್ಣು ಮುಚ್ಚು. ನನ್ನ ಮೂಗನ್ನೇ ನೋಡ್ತಿರು. ನಾನು ಬಸ್ಸು ಓಡಿಸ್ತೀನಿ.”

ಅವಳು ಬೆರಳೆತ್ತಿ ಗಾಳಿಯಲ್ಲಿ ಮೆಲ್ಲಗೆ ಸರಿಸಿದಳು. “ಬಸ್ಸು ಕಾಣುತ್ತಾ?”

“ಕಾಣುತ್ತೆ.”

“ಈಗ?”

“ಕಾಣುತ್ತೆ.”

ಬೆರಳು ಅಮ್ಮನ ಬಲಗಡೆಗೆ ಸರಿಯಿತು. “ಈಗ?”

ಅಮ್ಮ ಸುಮ್ಮನಾದಳು. ಬೆರಳು ಅಲ್ಲೇ ಇತ್ತು. ಪಿಟೀಲು ಅದನ್ನು ಅಲ್ಲಾಡಿಸಿದಳು. ಅಮ್ಮ ಅವಳ ಮೂಗನ್ನೇ ನೋಡುತ್ತ, ಬಸ್ಸು ಬರಲೆಂದು ಕಾಯುತ್ತಲೇ ಇದ್ದಳು.

ಪಿಟೀಲು ಚಾಚಿದ್ದ ಬೆರಳನ್ನು ಮಡಚಿ, ಆ ಕೈಯಿಂದಲೇ ಅಮ್ಮನ ಕೆನ್ನೆ ಮುಟ್ಟಿದಳು. ಅಮ್ಮ ಬೆಚ್ಚಿಬಿದ್ದಳು. ಆ ಕೈ ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

“ಗುಂಡಿ ಇದೆ ಅಲ್ವಾ?” ಎಂದಳು ಅಮ್ಮ, ತೀರ ಸಣ್ಣ ದನಿಯಲ್ಲಿ.

“ಇದೆ ಅಮ್ಮ.”

ಅಮ್ಮ ಚೀಲ ಎತ್ತಿಕೊಂಡು ಎದ್ದಳು. ಮನೆಗೆ ಹೋಗುವ ತಿರುವಿನಲ್ಲಿ ಪಿಟೀಲು ತಿರುಗದೆ ನೇರ ನಡೆದಳು. ಆ ದಾರಿಯಲ್ಲಿದ್ದ ಕಣ್ಣಿನ ಡಾಕ್ಟರ ಬೋರ್ಡನ್ನು ಅವಳು ಸ್ಕೂಲಿಗೆ ಹೋಗುವಾಗ ದಿನವೂ ಓದುತ್ತಿದ್ದಳು. ಅಮ್ಮ ಒಮ್ಮೆ ತಿರುವಿನ ಕಡೆ ನೋಡಿದಳು. ಆಮೇಲೆ ಮಗಳ ಹಿಂದೆಯೇ ಬಂದಳು.

ಆಸ್ಪತ್ರೆಯ ಬೆಂಚಿನಲ್ಲಿ ಕೂತವರು ಒಬ್ಬೊಬ್ಬರಾಗಿ ಒಳಗೆ ಹೋದರು. ಕೊನೆಗೆ ನರ್ಸ್ ಬಾಗಿಲು ತೆರೆದು, “ನೀವು ಬನ್ನಿ ಅಮ್ಮಾ,” ಎಂದಳು. ಒಳಗೆ ಕತ್ತಲಿತ್ತು. ಕತ್ತಲಲ್ಲಿ ಒಂದು ಪುಟ್ಟ ದೀಪ ಉರಿಯುತ್ತಿತ್ತು.

ಅಮ್ಮ ಹೊಸಿಲ ಬಳಿ ನಿಂತುಬಿಟ್ಟಳು. ಎರಡೂ ಕಣ್ಣು ಮುಚ್ಚಿದಳು. ಅವಳ ತುಟಿ ಅಲುಗಿತು, ಮಾತು ಕೇಳಿಸಲಿಲ್ಲ.

ಇಷ್ಟು ದಿನ ಅದು ಅಮ್ಮನ ಬರೀ ಅಭ್ಯಾಸ ಎಂದೇ ಪಿಟೀಲು ತಿಳಿದಿದ್ದಳು. ಒಂದೊಂದು ಪರದೆಯ ಮುಂದೆಯೂ ಅಮ್ಮನಿಗೆ ಹೀಗೇ ಹೆದರಿಕೆ ಆಗುತ್ತಿತ್ತೇನೋ. ಹೆದರಿಕೊಂಡೇ ಅವಳು ದಿನವೂ ಕಣ್ಣು ತೆರೆದು ನೋಡುತ್ತಿದ್ದಳು.

ಪಿಟೀಲು ಅವಸರ ಮಾಡಲಿಲ್ಲ. ಎಡಗಡೆ ನಿಂತಿದ್ದವಳು ಹಿಂದಿನಿಂದ ಸುತ್ತಿಬಂದು ಅಮ್ಮನ ಬಲಗಡೆ ನಿಂತಳು. ಬೆರಳಿಗೆ ಬೆರಳು ಹೆಣೆದಳು. ತಾನೂ ಕಣ್ಣು ಮುಚ್ಚಿದಳು.

“ಮೊದಲು ನೀನು ನೋಡು,” ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿದಳು. “ಆಮೇಲೆ ನಾವು ನೋಡ್ತೀವಿ.”