ತೂತು ಬಿದ್ದ ಎಲೆಗಳು

ಮೆರೇನಾ ಬೆಳಗಿನ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಮದ್ದಿನ ಕೋಣೆಯ ಚಿಲಕ ಮುರಿದಿತ್ತು. ಕಪಾಟಿನಲ್ಲಿ ಅಮ್ಮನ ಕಲ್ಲು ಇರಲಿಲ್ಲ.

ಅಂಗೈಯಗಲದ ಹೊಳೆಗಲ್ಲು. ಅದರಿಂದಲೇ ಅಮ್ಮ ಹೊಕಿಯಾಂಗಾ ಸೀಮೆಯವರ ಮೈ ತಿಕ್ಕಿ ನೋವು ಇಳಿಸುತ್ತಿದ್ದಳು. ಅವಳು ತೀರಿಹೋದ ಮೇಲೆ ಆ ಕೆಲಸ ಮೆರೇನಾಳದು.

"ಅದನ್ನ ಹಿಡ್ಕೊಂಡ್ರೆ ಅಮ್ಮನ ಕೈ ಹಿಡ್ಕೊಂಡ ಹಾಗಾಗ್ತಿತ್ತು, ಹೋನೆ."

ಕಾನ್‌ಸ್ಟೇಬಲ್ ಹೋನೆ ಚಿಲಕವನ್ನೇ ನೋಡುತ್ತಿದ್ದ. "ಯಾರ ಮೇಲೆ ಅನುಮಾನ, ಆಂಟಿ?"

"ಇನ್ಯಾರು? ಆ ಡೆಸ್ಮಂಡ್! ಗಿಡಾನೂ ಬಿಟ್ಟಿಲ್ಲ ನೋಡು."

ಹಿತ್ತಲ ಕವಕವ ಎಂಬ ಮದ್ದಿನ ಗಿಡ ಅರ್ಧ ಬೋಳಾಗಿತ್ತು. ನೋಡಲು ವೀಳ್ಯದೆಲೆಯಂಥದೇ ಎಲೆ. ಅದನ್ನು ಪೊಟ್ಟಣ ಕಟ್ಟಿ ಪೇಟೆಯಲ್ಲಿ ಮಾರುವವನು ಡೆಸ್ಮಂಡ್.

* * *

"ಆಂಟಿ ಗಿಡದ್ದಾ?" ಪೇಟೆಯಲ್ಲಿ ಹೋನೆ ವಿಚಾರಿಸಿದ್ದಕ್ಕೆ ಡೆಸ್ಮಂಡ್ ನಕ್ಕ. "ಅದ್ರ ತುಂಬ ಹುಳ. ತೂತಿರೋ ಎಲೆನ ಯಾರು ಕೊಳ್ತಾರಪ್ಪಾ?"

ಅವನ ಪೊಟ್ಟಣಗಳಲ್ಲಿ ತೂತಿದ್ದ ಎಲೆ ಒಂದೂ ಇರಲಿಲ್ಲ. ಹೋನೆ ವಾಪಸು ಓಡಿದ. ಗಿಡದಲ್ಲಿ ಉಳಿದಿದ್ದವು ಚೊಕ್ಕ ಎಲೆಗಳೇ. ಹೋಗಿದ್ದು ತೂತಿನವು.

ನೋವಿರುವ ಜಾಗವನ್ನಷ್ಟೇ ನೋಡಬೇಡ, ಇಡೀ ಮೈ ನೋಡು, ಮನೆಮಂದಿಯ ಸುದ್ದಿಯನ್ನೂ ಕೇಳು. ಇದು ಆಂಟಿ ದಿನಾ ಹೇಳುವ ಮಾತು. ಈ ಹೋನೆ ಮಹಾಶಯ ನೋಡಿದ್ದು ಬರೀ ಚಿಲಕ! ಈಗ ಕೋಣೆಯನ್ನೆಲ್ಲ ನೋಡಿದ. ಗೋಡೆಯ ಮೇಲೆ ಸತ್ತ ಹಿರಿಯರ ಫೋಟೊಗಳು, ಎಲ್ಲಕ್ಕೂ ಧೂಳು. ಅಮ್ಮನದು ಮಾತ್ರ ಫಳಫಳ.

"ಇದನ್ನ ಒರೆಸಿದ್ರಾ, ಆಂಟಿ?"

"ಇಲ್ವಲ್ಲ."

"ಹೊಳೆ ಆಚೆ ಹೋಗೋಣ, ಬನ್ನಿ."

ಆಚೆ ದಡದಲ್ಲಿದ್ದಳು ತಂಗಿ ಕಾಹು. ಅಮ್ಮನನ್ನು ಮಣ್ಣು ಮಾಡಿದ ದಿನ ಕಲ್ಲಿಗಾಗಿ ಜಗಳವಾಡಿದ ಅಕ್ಕತಂಗಿ ಆಮೇಲೆ ಮಾತಾಡಿರಲಿಲ್ಲ.

* * *

ಕಾಹುವಿನ ಮೇಜಿನ ಮೇಲೆ ಕಲ್ಲು ಇತ್ತು.

"ಹುಳ ತಿಂದ ಎಲೇಲೇ ಮದ್ದು ಜಾಸ್ತಿ," ಹೋನೆ ಹೇಳಿದ. "ಹಾಗಂತ ನಿಮ್ಮಮ್ಮ ಕಲಿಸಿದ್ದು ನಿಮ್ಮಿಬ್ಬರಿಗೇ ಅಂತ ಆಂಟಿ ಹೇಳ್ತಿದ್ರು. ಮತ್ತೆ, ಬೇರೆ ಕಳ್ಳ ಯಾರೂ ಅವರ ಫೋಟೊ ಒರೆಸಲ್ಲ."

ಕಾಹು ತಲೆಯೆತ್ತಲಿಲ್ಲ. "ಬೆನ್ನು ನೋವು, ಅಕ್ಕ. ಆಸ್ಪತ್ರೇಲಿ ಬೆನ್ನಷ್ಟೇ ನೋಡಿ ಏನಿಲ್ಲ ಅಂದ್ರು. ಅಮ್ಮನ ಕಲ್ಲು ಸಿಕ್ಕಿದ್ರೆ ಸಾಕು ಅನ್ನಿಸ್ತು."

"ಇಳೀತಾ?"

"ನನ್ನ ಬೆನ್ನು ನನಗೇ ಎಟುಕಲಿಲ್ಲ."

ಮೆರೇನಾ ಮೇಜಿನ ಮೇಲಿನ ಕಲ್ಲನ್ನು ಕೈಗೆತ್ತಿಕೊಂಡಳು. ಆಮೇಲೆ, ಬಂದ ರೋಗಿಗಳನ್ನೆಲ್ಲ ಕೇಳುವುದನ್ನೇ ಕೇಳಿದಳು. "ಕೊನೇ ಸಲ ಅತ್ತಿದ್ದು ಯಾವಾಗ?"

"ಅಮ್ಮನ್ನ ಮಣ್ಣು ಮಾಡಿದಾಗ್ಲೂ ಅಳಲಿಲ್ಲ. ನಿನ್ನ ಮುಂದೆ ಅಳಬಾರದು ಅಂತ."

"ಆ ಕಡೆ ತಿರುಗಿ ಕೂತ್ಕೋ."

ಕಲ್ಲು ಬೆನ್ನಿಗೆ ತಾಗಿದ್ದೇ ತಡ, ಕಾಹು ಬಿಕ್ಕಿ ಬಿಕ್ಕಿ ಅತ್ತಳು. ಹೋನೆ ಹೊರಗೆ ಬಂದು ಬೂಟು ಹಾಕಿಕೊಂಡ. ಒಳಗೆ ಈಗ ಇಬ್ಬರೂ ಅಳುತ್ತಿದ್ದರು.