ಎಲ್ಲರಿಗೂ ಕಂಡ ಸಾಲು

ಕನ್ನಡಕದಂಥ ಹೆಡ್‌ಸೆಟ್ ಹಾಕಿಕೊಂಡು ವೇದಿಕೆಯ ಮೇಲೆ ನಿಂತಿದ್ದ ಶಿವರಂಜನ್ ಗಾಳಿಯನ್ನು ನೋಡಿ ನಕ್ಕ. ನೆರೆದಿದ್ದವರು ತಮ್ಮನ್ನೇ ನೋಡಿ ನಕ್ಕನೆಂದುಕೊಂಡರು. ಪಾಪ, ಅವರಿಗೇನು ಗೊತ್ತು! ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಬಿಂದು, ಅವನ ಕಣ್ಣಿಗೆ ಮಾತ್ರ ಕಾಣುವಂತೆ ಒಂದು ಸಾಲು ಕಳಿಸಿದ್ದಳು: 'ಕಾಲರ್ ಮಡಚ್ಕೊಂಡಿದೆ, ಹೀರೋ.'

ಕಾಲರ್ ಸರಿಮಾಡಿಕೊಳ್ಳುತ್ತ ಅವನು ಓರೆಗಣ್ಣಿನಲ್ಲಿ ಅವಳತ್ತ ನೋಡಿದ. ಆ ಒಂದು ನೋಟಕ್ಕಾಗಿಯೇ ಅವಳು ದಿನಾ ಬೆಸೆಂಟ್ ನಗರದಿಂದ ಬಸ್ಸಿನಲ್ಲಿ ನೂಕಿಸಿಕೊಂಡು ಬರುತ್ತಿದ್ದಳೆಂದರೆ ತಪ್ಪಿಲ್ಲ.

ಇನ್ನೂ ಕಟ್ಟದ ಫ್ಲಾಟನ್ನು ವೇದಿಕೆಯ ಮೇಲೆ ನಿಲ್ಲಿಸುವುದು ಅವರ ಕೆಲಸ. ರಂಜನ್ ಅದರೊಳಗೆ ಓಡಾಡುತ್ತ ತಮಿಳಿನಲ್ಲಿ ವಿವರಿಸುತ್ತಾನೆ; ಹಿಂದಿನ ದೊಡ್ಡ ಸ್ಕ್ರೀನಿನಲ್ಲಿ ಜನ ಅವನನ್ನೂ ಮನೆಯನ್ನೂ ಒಟ್ಟಿಗೆ ನೋಡುತ್ತಾರೆ. ಯಾವುದು ಎಲ್ಲರಿಗೂ ಕಾಣಬೇಕು, ಯಾವುದು ಅವನಿಗೆ ಮಾತ್ರ ಎಂಬುದು ಬಿಂದು ಕೈಯಲ್ಲಿ.

ಕನ್ನಡಿಗ ವ್ಯಾಪಾರಿ ಮನೆತನದ ರಂಜನ್ ಚೆನ್ನೈನಲ್ಲೇ ಹುಟ್ಟಿದವನು. ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಮೈಸೂರಿನಿಂದ ಬಂದ ಬಿಂದು ಬೀಚಿನ ಮರಳಿನಲ್ಲಿ ಬರೆದು ಬರೆದು ಅವನಿಗೆ ಅಕ್ಷರ ಕಲಿಸಿದಳು. ತಪ್ಪಿದಾಗ ಕಿವಿ ಹಿಂಡಿದಳು. ಹಿಂಡಿಸಿಕೊಳ್ಳಲೆಂದೇ ತಪ್ಪುತ್ತಾನೆಂದು ನಂಬಿದಳು. ಪ್ರೀತಿಸುವವರಿಗೆ ನಂಬಲು ಅಷ್ಟು ಸಾಕು.

ಇವತ್ತು ತೋರಿಸುತ್ತಿದ್ದ ಮಾಧವರಂ ಫ್ಲಾಟಿನ ರಿಹರ್ಸಲ್‌ನಲ್ಲಿ ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡು, ಇಲ್ಲದ ಅಡುಗೆಮನೆಯಲ್ಲಿ ಜಗಳವಾಡಿದ್ದರು.

"ಗ್ರೈಂಡರ್ ಇಲ್ಲೇ ಇಡ್ಬೇಕು," ಎಂದಿದ್ದಳು ಬಿಂದು.

"ಅಯ್ಯೋ, ವೇಂಡಾಂ ಪಾ! ಅಲ್ಲಿ ನಾನು ನಿಂತ್ಕೊಂಡು ಕಾಫಿ ಕುಡೀಬೇಕು."

"ನಾನು ದೋಸೆ ಹುಯ್ಯೋವಾಗ ನೀನ್ಯಾಕೆ ಅಡ್ಡ?"

"ನಿನ್ನ ನೋಡೋಕೆ."

ಅಷ್ಟೇ ಹೇಳಿದ್ದ. ಅವಳು ವಾರವೆಲ್ಲ ಆ ಮಾತಿನ ಮೇಲೆ ತೇಲಾಡಿದಳು.

ಇವತ್ತು ಕೇಳಿಯೇ ಬಿಡಬೇಕೆಂದು ಬಂದಿದ್ದಳು. ಮನೆಯ ಬಾಲ್ಕನಿಯನ್ನು ಸಭೆಗೆ ತೋರಿಸಿದಳು. ರಂಜನ್ ಅದರ ಕಂಬಿಗೆ ಒರಗಿದಂತೆ ನಿಂತ. ಅವಳು ಟೈಪ್ ಮಾಡಿ ಕಳಿಸಿಬಿಟ್ಟಳು: 'ರಂಜನ್, ಈ ಮನೇಲಿ ನನ್ನ ಜೊತೆ ಇರ್ತೀಯಾ? ಇಂತಿ, ಬಿಂದು.'

ಬಾಲ್ಕನಿಗೆಂದು ಒತ್ತಿದ್ದ 'ಎಲ್ಲರಿಗೂ' ಎಂಬುದನ್ನು 'ಅವನಿಗೆ ಮಾತ್ರ' ಎಂದು ಬದಲಿಸಲು ಮರೆತಿದ್ದಳು. ಸಾಲು ದೊಡ್ಡ ಸ್ಕ್ರೀನಿನಲ್ಲಿ ಆಳೆತ್ತರಕ್ಕೆ ಮೂಡಿತು.

ಬಿಂದುವಿನ ಜೀವ ಬಾಯಿಗೆ ಬಂತು. ಮರುಕ್ಷಣ ಸಮಾಧಾನವಾಯಿತು. ತಮಿಳರ ಸಭೆ, ಅವನೊಬ್ಬನನ್ನು ಬಿಟ್ಟು ಕನ್ನಡ ಓದುವವರು ಯಾರಿದ್ದಾರು? 'ಮನೆಗೆ ಸುಸ್ವಾಗತ' ಎಂದು ಅವನು ಒಂದು ಸುಳ್ಳು ಹೇಳಿದರೆ ಮುಗಿಯಿತು.

"ಎನ್ನ ತಂಬಿ ಎಳುದಿಯಿರುಕ್ಕು?" ಏನು ಬರೆದಿದೆ ಎಂದು ಮುಂದಿನ ಸಾಲಿನಿಂದ ಬಿಲ್ಡರ್ ಕೇಳಿದರು.

ರಂಜನ್ ಅವಳತ್ತ ನೋಡಿದ. ಅದೇ ಓರೆನೋಟ. ಆಮೇಲೆ ಅವಳು ಕಲಿಸಿದಂತೆಯೇ, ಒಂದೊಂದು ಅಕ್ಷರಕ್ಕೂ ಬೆರಳು ತೋರಿಸುತ್ತ ಗಟ್ಟಿಯಾಗಿ ಓದಿದ. ಒಂದೂ ತಪ್ಪಲಿಲ್ಲ. ಅಷ್ಟನ್ನೂ ತಮಿಳಿಗೆ ತಿರುಗಿಸಿದ. ಬಿಂದು ಯಾರೆಂದು ಕೈ ಮಾಡಿ ತೋರಿಸಿದ. ಇಂಥ ಮನೆ ನೋಡಿದರೆ ಯಾವ ಹುಡುಗಿ ತಾನೇ ಕೇಳದೆ ಇರುತ್ತಾಳೆ ಎಂದೂ ಸೇರಿಸಿದ.

ಸಭೆ ಗೊಳ್ಳೆಂದು ನಕ್ಕಿತು. ಶಿಳ್ಳೆಗಳೂ ಬಂದವು. ಬಿಂದು ನಾಚಿಕೆಯಿಂದ ಸತ್ತೇಹೋದಳು, ಆದರೂ ಮುಂದಿನ ಬೆಡ್‌ರೂಮನ್ನು ಸರಿಯಾದ ಹೊತ್ತಿಗೆ ತೋರಿಸಿದಳು.

ಶೋ ಮುಗಿದ ಮೇಲೆ ಅವನು ಹೆಡ್‌ಸೆಟ್ ತೆಗೆಯುತ್ತ ಬಂದ. "ಬಿಂದು, ಸೆಮ ಹಿಟ್! ಬುಕಿಂಗ್‌ಗೆ ಜನ ಮುಗಿಬಿದ್ದಿದಾರೆ."

"ನಾನು ನಿಜವಾಗ್ಲೂ ಕೇಳಿದ್ದು, ರಂಜನ್."

"ಗೊತ್ತು."

"ಗೊತ್ತಿದ್ದೂ ಓದಿದ್ಯಾ?"

"ಚೆನ್ನಾಗಿ ವರ್ಕ್ ಆಯ್ತಲ್ಲ! ನಾವು ಹೀಗೇ ಜಾಲಿಯಾಗಿದೀವಿ. ಸುಮ್ಮಾ ಅದೆಲ್ಲ ಯಾಕೆ?"

ಅವಳು ಮುಖ ತಿರುಗಿಸಿ ಲ್ಯಾಪ್‌ಟಾಪಿನ ವೈರು ಸುತ್ತತೊಡಗಿದಳು. ಅದನ್ನು ಕಂಡು ಅವನಿಗೆ ಮರುಕವೂ ಬಂತು. ಅದೇ ಇನ್ನೂ ಕೆಟ್ಟದ್ದು.

"ನಾಳೆ ಎರಡು ಶೋಗೂ ಆ ಲೈನ್ ಬೇಕೇ ಬೇಕಂತೆ ಬಿಲ್ಡರ್‌ಗೆ. ತಮಿಳಲ್ಲಿ ಹಾಕು. ನಿನ್ ಹೆಸ್ರು ಬೇಡ. ಪಾವಂ, ನಿಂಗೊಂಥರಾ ಆಗತ್ತೆ. ಜ್ಯೋತಿ ಅಂತ ಹಾಕ್ಬಿಡು."

"ಜ್ಯೋತಿ ಯಾರು?"

"ಯಾರೂ ಇಲ್ಲ."

ಮಾರನೆಯ ಬೆಳಿಗ್ಗೆ ಬಾಲ್ಕನಿ ಬಂದಾಗ ಬಿಂದು ಆ ಸಾಲನ್ನು ಎಲ್ಲರಿಗೂ ಕಳಿಸಿದಳು. ರಂಜನ್ ಓದಿ ಮುಗುಳ್ನಕ್ಕ. ಈ ಸಲ ಉತ್ತರವನ್ನೂ ಕಲಿತು ಬಂದಿದ್ದ. ಎದೆಯ ಮೇಲೆ ಕೈಯಿಟ್ಟು, ಬಿಂದು ಕೇಳಬೇಕೆಂದಿದ್ದ ಅದೇ ಮೆಲ್ಲನೆಯ ದನಿಯಲ್ಲಿ, "ಇರುಪ್ಪೇನ್, ಜ್ಯೋತಿ. ಕಡೈಸಿ ವರೈಕ್ಕುಂ ಇರುಪ್ಪೇನ್," ಎಂದ; ಇರುತ್ತೇನೆ, ಕಡೆಯವರೆಗೂ ಇರುತ್ತೇನೆ ಎಂದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಿಂದುವಿಗೆ ಅಳು ಬಂತು.

ಸಂಜೆಯ ಶೋನಲ್ಲೂ ಅವನು ಒಪ್ಪಿಕೊಂಡ.